ವೈರು ಚೀಲ: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಓದಿ

ಅಭಿನಂದನೆಗಳು. ನಿಮ್ಮ ಮನೆಯಲ್ಲೊಂದು ವೈರು ಚೀಲ ಇದೆ. ಇಲ್ಲ ಅನ್ನಬೇಡಿ. ಅಟ್ಟದ ಮೇಲೆ, ಮಂಚದ ಕೆಳಗೆ, ಬೀರುವಿನ ಕಟ್ಟಕಡೆಯ ಅರೆಯಲ್ಲಿ ಕೈಯಾಡಿಸಿ ನೋಡಿ. ಯಾರದೋ ಮದುವೆಗೆ ಜವಳಿ ತೆಗೆದಾಗ ಅಂಗಡಿಯವರು ಕೊಟ್ಟ ಬಟ್ಟೆಯ ಚೀಲ. ಹಿಡಿ ಗಟ್ಟಿಯಾಗಿದೆ ಅನ್ನುವ ಒಂದೇ ಪುಣ್ಯಕ್ಕೆ ಉಳಿದುಕೊಂಡದ್ದು. ಒಳಗೆ ಕಪ್ಪು, ಬಿಳಿ, ಬೂದು, ನಡುವೆ ಎಲ್ಲೋ ಒಂದು ನೀಲಿ, ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಮಲಗಿವೆ. ಈ ಉತ್ಪನ್ನವನ್ನು ನೀವು ಕೊಂಡಿಲ್ಲ, ಅದು ತಾನಾಗಿ ಬೆಳೆದದ್ದು. ಕಂಪ್ಯೂಟರು ಹೋಯಿತು, ಪ್ರಿಂಟರು ಹೋಯಿತು, ಮೊದಲ ಮೊಬೈಲು ಬಸ್ಸಿನಲ್ಲಿ ಹೋಯಿತು. ಅವುಗಳ ಬಾಲ ಮಾತ್ರ ಇಲ್ಲಿವೆ.

ಈ ಕೈಪಿಡಿ ಬರೆಯಲು ನನಗಿರುವ ಅರ್ಹತೆ ದೊಡ್ಡದೇನಲ್ಲ. ನಮ್ಮ ಬಳಗದಲ್ಲಿ ಎಲ್ಲರಿಗಿಂತ ಮೊದಲು ಕಂಪ್ಯೂಟರ್ ಕೊಂಡವನು ನಾನು, ಅಷ್ಟೆ. ಆ ತಪ್ಪಿಗೆ ಇಪ್ಪತ್ತೈದು ವರ್ಷದಿಂದ ಅಕ್ಕನ ಮನೆಯ ಪ್ರಿಂಟರು, ಷಡ್ಡಕನ ಟಿ.ವಿ., ಎದುರು ಮನೆಯ ಹುಡುಗಿಯ ಆನ್‌ಲೈನ್ ಪಾಠ ಎಲ್ಲವೂ ನನ್ನ ಪಾಲಿಗೆ ಬಂದಿವೆ. ಹಬ್ಬಕ್ಕೆ ಕರೆಯುವಾಗಲೂ "ಬರ್ತಾ ಆ ಚೀಲ ತಗೊಂಡ್ಬಾರೋ" ಅನ್ನುತ್ತಾಳೆ ಅಕ್ಕ. ಹೋಳಿಗೆ ಆಮೇಲೆ.

ಸುರಕ್ಷತಾ ಸೂಚನೆ ಒಂದೇ: ಕೇಬಲ್ಲನ್ನು ಕೀಳುವಾಗ ವೈರು ಹಿಡಿದು ಎಳೆಯಬೇಡಿ, ತಲೆ ಹಿಡಿದು ತೆಗೆಯಿರಿ. ಹಾವು ಹಿಡಿಯುವವರು ಬಾಲಕ್ಕೆ ಕೈಹಾಕುತ್ತಾರೆ. ಇಲ್ಲಿ ಅದರ ತದ್ವಿರುದ್ಧ.

ಭಾಗಗಳ ಪರಿಚಯ

ಯಾವುದೇ ಕೇಬಲ್ಲಿಗೆ ಎರಡು ತುದಿ, ನಡುವೆ ಒಂದಿಷ್ಟು ತಾಮ್ರ. ಪಿನ್ನು ಚಾಚಿಕೊಂಡಿರುವ ತುದಿ ಗಂಡು, ತೂತಿರುವುದು ಹೆಣ್ಣು. ಇದು ನಾನಿಟ್ಟ ಹೆಸರಲ್ಲ, ಅಂಗಡಿಯಲ್ಲಿ ಕೇಳಿ, 'ಮೇಲ್ ಟು ಫೀಮೇಲ್' ಅಂತಲೇ ಕೊಡುತ್ತಾರೆ. ಹಳೆಯ ಸ್ಪೀಕರಿಗೆ ಒಂದು ತುದಿ ಹುಡುಕುತ್ತ ನಾನು ವಾರಗಟ್ಟಲೆ ಅಲೆದದ್ದನ್ನು ಕಂಡ ಅಮ್ಮ, ಊಟಕ್ಕೆ ಬಡಿಸುತ್ತ, "ಅದಕ್ಕೆ ಹೆಣ್ಣು ಸಿಕ್ತೇನೋ?" ಎಂದು ನಿಜವಾದ ಕಾಳಜಿಯಿಂದ ಕೇಳಿದ್ದಳು.

ಕೆಲವು ಕೇಬಲ್ಲುಗಳ ಕತ್ತಿನ ಹತ್ತಿರ ಒಂದು ಗಂಟು ಇರುತ್ತದೆ, ಮಗುವಿನ ಕೊರಳಿಗೆ ಕಟ್ಟಿದ ತಾಯಿತದ ಹಾಗೆ. ಅದು ಫೆರೈಟ್ ಎಂಬ ವಸ್ತುವಿನ ಬಳೆ. ಉದ್ದನೆಯ ವೈರು ಗೊತ್ತಿಲ್ಲದೆಯೇ ಆಂಟೆನಾ ಆಗಿಬಿಡುತ್ತದೆ. ಅದರಲ್ಲಿ ಹರಿದಾಡುವ ಹೆಚ್ಚು ಕಂಪನಾಂಕದ ಗದ್ದಲವನ್ನು ಈ ಗಂಟು ಹೀರಿಕೊಳ್ಳುತ್ತದೆ. ಅದನ್ನು ಬಿಚ್ಚಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಯಿತು. ಒಳಗೆ ಕಪ್ಪು ಕಲ್ಲಿನಂಥ ಒಂದು ತುಂಡಲ್ಲದೆ ಇನ್ನೇನೂ ಇಲ್ಲ, ಮತ್ತು ಅದು ವಾಪಸ್ಸು ಕೂರುವುದಿಲ್ಲ.

ಚೀಲದ ತಳದಿಂದ ಶುರುಮಾಡಿ

ತಳದಲ್ಲಿರುವವರು ಹಿರಿಯರು. ಇವರ ಮುಖ ನೋಡಿದರೆ ಕಸುಬು ಹೇಳಬಹುದು. ಆ ಕಾಲದ ನಿಯಮವೇ ಅದು: ಪ್ರಿಂಟರಿನದು ಪ್ರಿಂಟರಿಗೇ ಹೋಗುತ್ತದೆ, ಮಾನಿಟರಿನದು ಮಾನಿಟರಿಗೇ. ತಪ್ಪಿ ಬೇರೆ ಕಡೆ ಚುಚ್ಚಲು ಹೋದರೆ ಒಳಗೇ ಬಿಡುವುದಿಲ್ಲ.

ಮೊದಲು ಕೈಗೆ ಸಿಗುವುದು ನುಗ್ಗೆಕಾಯಿಗಿಂತ ದಪ್ಪದ ಬೂದು ಕೇಬಲ್. ಒಂದು ತುದಿಯಲ್ಲಿ 25 ಪಿನ್ನು, ಇನ್ನೊಂದರಲ್ಲಿ 36 ಕಡೆ ತಾಗುವ ಅಗಲ ಬಾಯಿ, ಆ ಬಾಯಿಗೆ ಎರಡು ತಂತಿಯ ಕಿವಿ. ಇದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪ್ಯಾರಲಲ್ ಕೇಬಲ್; 1970ರ ಸುಮಾರಿಗೆ ಸೆಂಟ್ರೋನಿಕ್ಸ್ ಎಂಬ ಅಮೆರಿಕದ ಕಂಪನಿ ತನ್ನ ಪ್ರಿಂಟರಿಗಾಗಿ ಮಾಡಿಕೊಂಡ ಪದ್ಧತಿ, ಆಮೇಲೆ ಜಗತ್ತಿನ ಪದ್ಧತಿಯಾಯಿತು. ಕರ್‌ಕರ್ ಎಂದು ಅಕ್ಷರ ಕೊರೆಯುತ್ತಿದ್ದ ಆ ಪ್ರಿಂಟರಿಗೆ ಎಂಟು ತಂತಿಯಲ್ಲಿ ಎಂಟು ಬಿಟ್ಟು ಒಟ್ಟಿಗೆ ಹೋಗುತ್ತಿದ್ದವು.

ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ಚೀಲದ ಅರ್ಧ ಕಥೆ ಇಲ್ಲೇ ಇದೆ. ಎಂಟು ಜನ ಸಾಲಾಗಿ ಪಕ್ಕಪಕ್ಕದಲ್ಲಿ ನಡೆದರೆ, ಒಬ್ಬರ ಹಿಂದೊಬ್ಬರು ನಡೆಯುವುದಕ್ಕಿಂತ ಬೇಗ ತಲುಪುತ್ತಾರೆ ಎಂದು ಯಾರಿಗಾದರೂ ಅನಿಸುತ್ತದೆ. ನಿಧಾನವಾಗಿ ನಡೆಯುವವರೆಗೆ ಅದು ನಿಜ. ಓಡಲು ಹೇಳಿದರೆ ತಾಳ ತಪ್ಪುತ್ತದೆ. ಒಂದು ತಂತಿ ಕೂದಲೆಳೆಯಷ್ಟು ಉದ್ದ, ಇನ್ನೊಂದು ಗಿಡ್ಡ. ಮೂರನೆಯವನು ಮೊದಲು ತಲುಪಿ ಏಳನೆಯವನಿಗಾಗಿ ಕಾಯಬೇಕು. ಪಕ್ಕದವರ ಮಾತು ಇವರ ಕಿವಿಗೆ ಬಿದ್ದು ಗೊಂದಲ ಬೇರೆ. ಕೊನೆಗೆ ಎಂಜಿನಿಯರುಗಳು ಕಂಡುಕೊಂಡದ್ದು, ಒಂದೇ ಸಾಲಿನಲ್ಲಿ ಒಬ್ಬರ ಹಿಂದೊಬ್ಬರನ್ನು ಜೋರಾಗಿ ಓಡಿಸುವುದೇ ಮೇಲು ಅಂತ. ಹಾರ್ಡ್‌ಡಿಸ್ಕಿಗೆ ಹೋಗುತ್ತಿದ್ದ, ಚಾಪೆಯಂತೆ ಅಗಲವಾಗಿದ್ದ 40 ಪಿನ್ನಿನ ಪಟ್ಟಿ ಹೋಗಿ, 2003ರಿಂದಾಚೆ ಏಳೇ ಏಳು ಪಿನ್ನಿನ ಸಣ್ಣ ಸಾಟಾ ಕೇಬಲ್ ಬಂದದ್ದು ಇದೇ ಕಾರಣಕ್ಕೆ. ಆ 'ಸಾಟಾ'ದ ಮೊದಲ ಅಕ್ಷರ ಸೀರಿಯಲ್ ಎಂಬುದರದ್ದು. ಬಸ್ಸಿನ ಬಾಗಿಲಲ್ಲಿ ಎಂಟು ಜನ ಒಟ್ಟಿಗೆ ನುಗ್ಗುವ ನಮಗೆ ಈ ಮಾತು ಇನ್ನೂ ಒಪ್ಪಿಗೆಯಾಗಿಲ್ಲ.

ಮುಂದಿನದು ನೀಲಿ ತಲೆಯ ಮಾನಿಟರ್ ಕೇಬಲ್. ಹೆಸರು ವಿಜಿಎ, 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರಿನ ಜೊತೆ ಬಂದದ್ದು. ಮೂರು ಸಾಲಿನಲ್ಲಿ 15 ಪಿನ್ನು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ತಂತಿ, ಚಿತ್ರವನ್ನು ಅಡ್ಡ-ಉದ್ದ ಹಿಡಿದು ನಿಲ್ಲಿಸಲು ಇನ್ನೆರಡು. ಬಣ್ಣಗಳು ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಈ ಕೇಬಲ್ಲಿನ ರೋಗ ಪತ್ತೆಹಚ್ಚಲು ಪಂಡಿತರು ಬೇಕಿಲ್ಲ. ಪರದೆಗೆ ಅರಿಶಿನ ಬಳಿದಂತಾಗಿದ್ದರೆ ನೀಲಿಯ ಪಿನ್ನು ಬಾಗಿದೆ. ನೇರಳೆ ಹೊಡೆಯುತ್ತಿದ್ದರೆ ಹಸಿರು ಬಂದಿಲ್ಲ. ನೀಲಿ-ಹಸಿರು ಕೆರೆಯ ನೀರಿನಂತಿದ್ದರೆ ಕೆಂಪು ಕೈಕೊಟ್ಟಿದೆ. ಷಡ್ಡಕರ ಮನೆಯಲ್ಲಿ ಆರು ತಿಂಗಳು ಎಲ್ಲ ಸುದ್ದಿಯನ್ನೂ ಅರಿಶಿನ ಬಣ್ಣದಲ್ಲೇ ಓದಿದರು. ಮಂಗಳಕರವಾಗಿದೆ, ಇರಲಿ ಬಿಡಿ ಅಂದಿದ್ದರು.

ಬಾಗಿದ ಪಿನ್ನನ್ನು ಸರಿಮಾಡಲು ರೀಫಿಲ್ ಮುಗಿದ ಬಾಲ್‌ಪೆನ್ನಿನ ಖಾಲಿ ಕೊಳವೆಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ಎತ್ತಿ. ಒಂಬತ್ತನೆಯ ಪಿನ್ನು ಇಲ್ಲವೇ ಇಲ್ಲವಲ್ಲ ಎಂದು ಗಾಬರಿ ಬೇಡ, ಎಷ್ಟೋ ವಿಜಿಎ ಕೇಬಲ್ಲುಗಳಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ.

ಎರಡು ಗುಂಡು ತಲೆಯವು ಸಿಕ್ಕರೆ, ನೇರಳೆ ಬಣ್ಣದ್ದು ಕೀಬೋರ್ಡಿನದು, ಹಸಿರು ಮೌಸಿನದು. ಮುಂದೆ ಹೋಗಿ.

ಯುಎಸ್‌ಬಿ: ಮೂರು ಸಲ ತಿರುಗಿಸುವ ವಿಧಾನ

ಹೀಗೆ ಒಬ್ಬೊಬ್ಬರಿಗೆ ಒಂದೊಂದು ಮುಖ ಇದ್ದದ್ದು ಸಾಕಾಗಿ, ಎಲ್ಲಕ್ಕೂ ಒಂದೇ ಕೇಬಲ್ ಮಾಡೋಣ ಎಂದು ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್ ಸೇರಿದಂತೆ ಏಳು ಕಂಪನಿಗಳು ಕೂತವು. 1996ರ ಜನವರಿಯಲ್ಲಿ ಯುಎಸ್‌ಬಿ ಬಂತು. ಇಂಟೆಲ್ಲಿನಲ್ಲಿ ಈ ಕೆಲಸದ ಮುಂದಾಳು ಅಜಯ್ ಭಟ್, ಬರೋಡಾದಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. ಭಟ್ ಎಂಬ ಹೆಸರು ಕೇಳಿ ನಮ್ಮ ಬಳಗದವರು ಒಬ್ಬರು "ಕುಂದಾಪುರದ ಕಡೆಯವರಿರಬೇಕು" ಅಂದಿದ್ದರು. ಅಲ್ಲ, ಗುಜರಾತಿನವರು.

ಅಳವಡಿಸುವ ಕ್ರಮ: ಚಪ್ಪಟೆ ತುದಿಯನ್ನು ತೂತಿಗೆ ಹಿಡಿದು ತಳ್ಳಿ. ಹೋಗುವುದಿಲ್ಲ. ತಿರುಗಿಸಿ ತಳ್ಳಿ. ಹೋಗುವುದಿಲ್ಲ. ಮತ್ತೆ ಮೊದಲಿನಂತೆಯೇ ಹಿಡಿದು ತಳ್ಳಿ. ಈಗ ಹೋಗುತ್ತದೆ. ಇದಕ್ಕೆ ಕಾರಣ ಕೇಳಿದವರಿಗೆ ಭಟ್ಟರೇ ಉತ್ತರ ಹೇಳಿದ್ದಾರೆ: ಹೇಗೆ ಚುಚ್ಚಿದರೂ ಹೋಗುವಂತೆ ಮಾಡಿದ್ದರೆ ತಂತಿಗಳೂ ಸರ್ಕ್ಯೂಟೂ ಎರಡರಷ್ಟಾಗಿ ಬೆಲೆ ಏರುತ್ತಿತ್ತು, ಹೊಸ ವಸ್ತುವನ್ನು ಯಾರೂ ಮೂಸುತ್ತಿರಲಿಲ್ಲ. ನಾಲ್ಕು ಕಾಸು ಉಳಿಸಲು ಹೋಗಿ ಲೋಕದ ಜನರ ಕೈಯಲ್ಲಿ ಕೋಟ್ಯಂತರ ಸಲ ಮಣಿಕಟ್ಟು ತಿರುಗಿಸಿದ ಲೆಕ್ಕ. ಆದರೂ ನನಗೆ ಅವರ ಮಾತು ಸರಿ ಅನಿಸುತ್ತದೆ. ಅಗ್ಗವಾಗಿರದಿದ್ದರೆ ಅದು ನಮ್ಮ ಚೀಲದವರೆಗೆ ಬರುತ್ತಲೇ ಇರಲಿಲ್ಲ.

ತುದಿಯ ಮೇಲೆ ಒಂದು ತ್ರಿಶೂಲ ಕೆತ್ತಿರುತ್ತದೆ, ಅದು ಮೇಲಕ್ಕಿರಬೇಕು. ಶಿವನದಲ್ಲ. ಇದರ ಮೂರು ಮೊನೆಯಲ್ಲಿ ಒಂದು ಬಾಣ, ಒಂದು ದುಂಡು, ಒಂದು ಚೌಕ.

ಒಳಗೆ ನಾಲ್ಕೇ ತಂತಿ. ಕೆಂಪು ಮತ್ತು ಕಪ್ಪು ಕರೆಂಟಿಗೆ, 5 ವೋಲ್ಟು. ಹಸಿರು ಮತ್ತು ಬಿಳಿ ಮಾಹಿತಿಗೆ. ತುದಿಯೊಳಗಿನ ಹಿತ್ತಾಳೆ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಹೊರಗಿನ ಎರಡು ಸ್ವಲ್ಪ ಉದ್ದ, ನಡುವಿನ ಎರಡು ಗಿಡ್ಡ. ಚುಚ್ಚುವಾಗ ಮೊದಲು ಕರೆಂಟು ತಾಗಲಿ, ಆಮೇಲೆ ಮಾತು ಶುರುವಾಗಲಿ ಎಂಬ ಏರ್ಪಾಡು. ಬಂದವರಿಗೆ ಮೊದಲು ನೀರು-ಬೆಲ್ಲ, ಆಮೇಲೆ ವಿಷಯ.

ಈಗ ಎಚ್ಚರಿಕೆ. ಚೀಲದಲ್ಲಿರುವ ಕೆಲವು ಯುಎಸ್‌ಬಿ ಕೇಬಲ್ಲುಗಳಲ್ಲಿ ಹಸಿರು-ಬಿಳಿ ತಂತಿಗಳೇ ಇಲ್ಲ. ಫ್ಯಾನಿನ ಜೊತೆ, ಟ್ರಿಮ್ಮರಿನ ಜೊತೆ, ಸಂತೆಯ ಟಾರ್ಚಿನ ಜೊತೆ ಬಂದವು ಅವು. ಚಾರ್ಜು ಮಾಡುತ್ತವೆ, ಫೋಟೋ ದಾಟಿಸುವುದಿಲ್ಲ. ಹೊರಗಿನಿಂದ ನೋಡಿದರೆ ಅಕ್ಕಪಕ್ಕದ ಕೇಬಲ್ಲಿಗೂ ಇದಕ್ಕೂ ಎಳ್ಳಷ್ಟೂ ಫರಕಿಲ್ಲ. ಮುಖ ನೋಡಿ ಕಸುಬು ಹೇಳುವ ಕಾಲ ಮುಗಿಯಲು ಶುರುವಾದದ್ದು ಇಲ್ಲಿಂದ. ಹಾಗಂತ ಇವನ್ನು ಬೈಯಬೇಡಿ. ಬಸ್ ನಿಲ್ದಾಣದಲ್ಲೋ ರೈಲಿನಲ್ಲೋ ಯಾರದೋ ಚಾರ್ಜಿಂಗ್ ತೂತಿಗೆ ಫೋನು ಹಚ್ಚಬೇಕಾದಾಗ ಇಂಥ ಮೂಗ ಕೇಬಲ್ಲೇ ಕ್ಷೇಮ. ಕರೆಂಟು ಮಾತ್ರ ಒಳಗೆ ಬರುತ್ತದೆ, ನಿಮ್ಮ ಮನೆಯ ಗುಟ್ಟು ಹೊರಗೆ ಹೋಗುವುದಿಲ್ಲ.

ಆ ಕಡೆಯ ತುದಿಗಳ ಬಗ್ಗೆ ಒಂದು ಮಾತು. ಪ್ರಿಂಟರಿಗೆ ಹೋಗುವ ಚೌಕ ತಲೆಯದು ಬಿ ಟೈಪ್. ಹಳೆಯ ಫೋನಿನ ಚಪ್ಪಟೆ ಮೂತಿಯದು ಮೈಕ್ರೋ. ಮೊಬೈಲ್ ಅಂಗಡಿಯಲ್ಲಿ ಹಾಗೆ ಕೇಳಿದರೆ ಹುಡುಗ ಮುಖ ನೋಡುತ್ತಾನೆ, 'ವಿ8 ಪಿನ್' ಅನ್ನಿ, ತಕ್ಷಣ ತೆಗೆದು ಕೊಡುತ್ತಾನೆ. ತೂತಿನೊಳಗೆ ನೀಲಿ ಬಣ್ಣ ಕಂಡರೆ ಅದು 2008ರಲ್ಲಿ ಬಂದ ವೇಗದ ತಳಿ, ಸೆಕೆಂಡಿಗೆ 5 ಗಿಗಾಬಿಟ್. ಅದಕ್ಕಿಂತ ಹಿಂದಿನ 2000ದ ತಳಿಗೆ 480 ಮೆಗಾಬಿಟ್. ಮದುವೆ ವಿಡಿಯೊದವರು ಕೊಡುವ 60 ಗಿಗಾಬೈಟನ್ನು ಹಳೆಯದರಲ್ಲಿ ದಾಟಿಸಲು ಅರ್ಧ ಗಂಟೆ ಹಿಡಿಯುತ್ತದೆ. ಹೊಸದರಲ್ಲಿ, ಡಿಸ್ಕೂ ಅಷ್ಟೇ ಚುರುಕಾಗಿದ್ದರೆ, ಕಾಫಿ ಬೆರೆಸುವಷ್ಟರಲ್ಲಿ ಮುಗಿಯುತ್ತದೆ.

ಈ 5 ಗಿಗಾಬಿಟ್ಟಿನವನ ಹೆಸರು ಕೇಳಬೇಡಿ ಅನ್ನುತ್ತಿದ್ದೆ, ಆದರೆ ಕೈಪಿಡಿಯಲ್ಲಿ ಹೇಳಲೇಬೇಕು. ಹುಟ್ಟುವಾಗ 3.0. 2013ರಲ್ಲಿ ಅಣ್ಣನಿಗಿಂತ ಚುರುಕಿನ ತಮ್ಮ ಹುಟ್ಟಿದ ಮೇಲೆ ಇವನನ್ನು 3.1 ಜೆನ್ 1 ಎಂದು ಕರೆದರು. 2017ರಲ್ಲಿ ಇನ್ನೊಬ್ಬ ಹುಟ್ಟಿದ, ಇವನು 3.2 ಜೆನ್ 1 ಆದ. 2022ರಲ್ಲಿ ಅವರಿಗೇ ಸುಸ್ತಾಗಿ, ಸುಮ್ಮನೆ 'ಯುಎಸ್‌ಬಿ 5 ಗಿಗಾಬಿಟ್' ಅನ್ನಿ ಅಂದರು. ನಮ್ಮ ಬೆಂಗಳೂರು, ಮೈಸೂರು, ಕಲಬುರಗಿಗಳು 2014ರ ರಾಜ್ಯೋತ್ಸವದ ದಿನ ಒಂದೇ ಸಲ ಇಂಗ್ಲಿಷಿನಲ್ಲಿ ಹೆಸರು ತಿದ್ದಿಕೊಂಡು ಸುಮ್ಮನಾದವು. ಇವನಿಗೆ ಹದಿನಾಲ್ಕು ವರ್ಷದಲ್ಲಿ ನಾಲ್ಕು ನಾಮಕರಣ, ವೇಗ ಮಾತ್ರ ಹುಟ್ಟಿದ ದಿನದ್ದೇ.

ಸಿ ಟೈಪ್: ಇಲ್ಲಿ ನಿಧಾನವಾಗಿ ಓದಿ

2014ರಲ್ಲಿ ಸಿ ಟೈಪ್ ಬಂತು. ಮೊಟ್ಟೆಯಾಕಾರದ ಸಣ್ಣ ಬಾಯಿ, 24 ಪಿನ್ನು, ಹೇಗೆ ಚುಚ್ಚಿದರೂ ಹೋಗುತ್ತದೆ. ಫೋನು, ಲ್ಯಾಪ್‌ಟಾಪು, ಮಾನಿಟರು, ಕಿವಿಗಿಡುವುದು, ಗಡ್ಡ ಹೆರೆಯುವುದು ಎಲ್ಲಕ್ಕೂ ಇದೇ. ಯುರೋಪಿನವರು ಕಾನೂನನ್ನೇ ಮಾಡಿದರು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನಿಗೆಲ್ಲ ಸಿ ಬಾಯಿಯೇ ಇರಬೇಕು. 2012ರಿಂದ ತನ್ನದೇ ಲೈಟ್ನಿಂಗ್ ಎಂದು ಬೇರೆ ಪಂಕ್ತಿಯಲ್ಲಿ ಕೂತಿದ್ದ ಐಫೋನ್ ಕೂಡ 2023ರಲ್ಲಿ ಈ ಪಂಕ್ತಿಗೆ ಬಂತು. ಇನ್ನು ಚೀಲವೇ ಬೇಡ, ಒಂದು ಕೇಬಲ್ ಸಾಕು ಎಂದು ನಾನೂ ಭಾಷಣ ಮಾಡಿದ್ದೆ.

ಅಕ್ಕನ ಮಗನಿಗೆ ಕೆಲಸ ಸಿಕ್ಕಿತು, ಮನೆಯಿಂದಲೇ ಕೆಲಸ. ಹೊಸ ಮಾನಿಟರ್ ತರಿಸಿದ. ಜೋಡಿಸಲು ಮಾವ ಬರಲೇಬೇಕು. ಚೀಲದಿಂದ ಒಂದು ಬಿಳಿ ಸಿ ಕೇಬಲ್ ತೆಗೆದು, ಈ ತುದಿ ಲ್ಯಾಪ್‌ಟಾಪಿಗೆ, ಆ ತುದಿ ಮಾನಿಟರಿಗೆ ಸಿಕ್ಕಿಸಿದೆ. ಲ್ಯಾಪ್‌ಟಾಪ್ ಚಾರ್ಜ್ ಆಗತೊಡಗಿತು. ಪರದೆಯ ಮೇಲೆ 'ಸಿಗ್ನಲ್ ಇಲ್ಲ'. ಕೇಬಲ್ ತಿರುಗಿಸಿದೆ, ತುದಿ ಅದಲುಬದಲು ಮಾಡಿದೆ. ಅವನು ಡ್ರೈವರ್ ಇಳಿಸಿದ. ಎರಡನ್ನೂ ಆರಿಸಿ ಹಚ್ಚಿದೆವು. ಮಾನಿಟರ್ ವಾಪಸ್ ಕಳಿಸುವ ಅರ್ಜಿಯನ್ನೂ ಅರ್ಧ ತುಂಬಿದೆವು. ಅಷ್ಟರಲ್ಲಿ ಅಕ್ಕ, ಮೊಮ್ಮಗುವಿಗೆ ಆಡಲು ಆಗುತ್ತದೆಂದು ಥರ್ಮಾಕೋಲ್ ತೆಗೆಯಲು ಹೋಗಿ ಡಬ್ಬದ ಮೂಲೆಯಿಂದ ಒಂದು ಕಪ್ಪು ಕೇಬಲ್ ಎತ್ತಿದಳು. ಅದನ್ನು ಚುಚ್ಚಿದ ಮೂರನೆಯ ಸೆಕೆಂಡಿಗೆ ಚಿತ್ರ ಬಂತು.

"ಮಾವ, ಎರಡೂ ಸಿ ಟೈಪೇ ಅಲ್ವಾ?" ಎಂದ.

ಸಿ ಎಂಬುದು ಬಾಯಿಯ ಆಕಾರದ ಹೆಸರು, ಕೇಬಲ್ಲಿನ ಯೋಗ್ಯತೆಯ ಹೆಸರಲ್ಲ. 24 ಪಿನ್ನಿಗೆ ಜಾಗ ಇದೆ ಎಂದ ಮಾತ್ರಕ್ಕೆ ಅಷ್ಟಕ್ಕೂ ತಂತಿ ಎಳೆದಿರುತ್ತಾರೆ ಎಂದಲ್ಲ. ಚಾರ್ಜರಿನ ಜೊತೆ ಬರುವ ಸಿ ಕೇಬಲ್ಲುಗಳಲ್ಲಿ ಬಹುಪಾಲು ಕರೆಂಟಿನ ತಂತಿ ದಪ್ಪ, ಮಾಹಿತಿಗೆ ಮಾತ್ರ 2000ದ ಅದೇ 480 ಮೆಗಾಬಿಟ್ಟಿನ ಜೋಡಿ. ಚಿತ್ರ ಹೋಗಬೇಕಾದರೆ ವೇಗದ ಜೋಡಿತಂತಿಗಳು ಬೇಕು, ಅವನ್ನು ಎಳೆದೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಈ ಬಿಳಿ ಕೇಬಲ್ ನೋಡಿಯೇ ಕಟ್ಟಿದಂತಿದೆ. ಇದೇ ಒಂದೇ ಆಕಾರದ ಬಾಯಲ್ಲಿ 480 ಮೆಗಾಬಿಟ್ಟಿನವನೂ ಇದ್ದಾನೆ, 10, 20, 40 ಗಿಗಾಬಿಟ್ಟಿನವರೂ ಇದ್ದಾರೆ, ಥಂಡರ್‌ಬೋಲ್ಟ್ ಎಂದು ಮಿಂಚಿನ ಗುರುತು ಹಾಕಿಕೊಂಡವನೂ ಇದ್ದಾನೆ. ಐಫೋನ್ 15 ಸಿ ಬಾಯಿ ತೊಟ್ಟು ಬಂದಾಗ ಅದರ ಕಡಿಮೆ ಬೆಲೆಯ ಮಾದರಿಗಳ ವೇಗವೂ ಹಳೆಯ 480 ಮೆಗಾಬಿಟ್ಟೇ. ಹೊಸ ಅಂಗಿ, ಒಳಗೆ ಅದೇ ಆಳು.

ಕರೆಂಟಿನ ಕಥೆ ಇನ್ನೂ ಸೊಗಸು. ಸಿ ಚಾರ್ಜರ್ ಮೊದಲೇ 20 ವೋಲ್ಟು ಸುರಿಯುವುದಿಲ್ಲ. 5 ವೋಲ್ಟಿನಿಂದ ಶುರುಮಾಡಿ, ನಿನಗೆಷ್ಟು ಬೇಕು ಎಂದು ಆ ಕಡೆಯ ಯಂತ್ರವನ್ನು ಕೇಳುತ್ತದೆ. ಇಬ್ಬರೂ ಮಾತಾಡಿ ಒಪ್ಪಿದ ಮೇಲೆ ಏರಿಸುತ್ತದೆ. 3 ಆಂಪಿಯರಿಗಿಂತ ಹೆಚ್ಚು ಕೊಡಬೇಕಾದರೆ ನಡುವಿನ ಕೇಬಲ್ಲನ್ನೂ ಕೇಳಬೇಕು; ಅದಕ್ಕಾಗಿ ದೊಡ್ಡ ಕೇಬಲ್ಲಿನ ತುದಿಯಲ್ಲಿ ಒಂದು ಸಣ್ಣ ಚಿಪ್ಪು ಕೂತಿರುತ್ತದೆ. ನಾನು 5 ಆಂಪಿಯರ್ ತಡೆಯುತ್ತೇನೆ ಎಂದು ಅದು ಒಪ್ಪಿಕೊಂಡರೆ 100 ವ್ಯಾಟು, 2021ರ ನಿಯಮದ ಕೇಬಲ್ಲಾದರೆ 240 ವ್ಯಾಟಿನವರೆಗೆ. ಚಿಪ್ಪಿಲ್ಲದಿದ್ದರೆ ಎಷ್ಟೇ ದೊಡ್ಡ ಚಾರ್ಜರ್ ಕೊಂಡರೂ 60 ವ್ಯಾಟಿಗೆ ನಿಲ್ಲುತ್ತದೆ. ಎರಡು ಕಡೆಯವರೂ ಒಪ್ಪಿದರೂ ಮಧ್ಯಸ್ಥ ಬಾಯಿ ಬಿಡದೆ ಮಾತುಕತೆ ಮುರಿದು ಬೀಳುವುದನ್ನು ನಾವು ನೋಡಿದ್ದೇವಲ್ಲ.

ಗುರುತಿಸುವ ವಿಧಾನ: ತುದಿಯ ಮೇಲೆ ಸಾಸಿವೆ ಗಾತ್ರದ ಅಕ್ಷರದಲ್ಲಿ 40 ಅಥವಾ 240 ಎಂದಿದ್ದರೆ ನಂಬಬಹುದು. ಏನೂ ಇಲ್ಲದಿದ್ದರೆ ಬರೀ ಚಾರ್ಜಿನದು ಎಂದೇ ಇಟ್ಟುಕೊಳ್ಳಿ. ತೀರಾ ತೆಳ್ಳಗಿದ್ದು ಎರಡು ಮೀಟರ್ ಉದ್ದವಿದ್ದರೆ ಅದರಿಂದ ಚಿತ್ರ ಕೇಳಬೇಡಿ. ವೇಗ ಹೆಚ್ಚಿದಷ್ಟೂ ಕೇಬಲ್ ಗಿಡ್ಡವಾಗಬೇಕು, ದಪ್ಪವಾಗಬೇಕು. 40 ಗಿಗಾಬಿಟ್ಟಿನ ಸಾಮಾನ್ಯ ಕೇಬಲ್ ಎರಡು ಮೊಳಕ್ಕಿಂತ ಬಹಳ ಉದ್ದವೇನೂ ಇರುವುದಿಲ್ಲ.

ಟಿ.ವಿ. ಕೇಬಲ್ಲುಗಳು

ಎಚ್‌ಡಿಎಂಐ 2002ರ ಕೊನೆಯಲ್ಲಿ ಬಂದದ್ದು, 19 ಪಿನ್ನು, ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುತ್ತದೆ. ಇದರ ಸೋದರನಂತಿರುವ, ಒಂದು ಮೂಲೆ ಮಾತ್ರ ಕತ್ತರಿಸಿದಂತಿರುವುದು ಡಿಸ್‌ಪ್ಲೇಪೋರ್ಟ್. ಅದರ ಕತ್ತಿನಲ್ಲಿ ಒಂದು ಗುಂಡಿ ಇರಬಹುದು, ಒತ್ತಿಯೇ ತೆಗೆಯಬೇಕು. ಒತ್ತದೆ ಎಳೆದವರು ಮಾನಿಟರಿನ ತೂತನ್ನೇ ಕಿತ್ತುಕೊಂಡು ಬಂದಿದ್ದಾರೆ.

ಚಿನ್ನದ ಲೇಪನವಿದೆ, ಚಿತ್ರ ಇನ್ನೂ ಚೆಂದ ಬರುತ್ತದೆ ಎಂದು ಹೇಳಿ ಎಚ್‌ಡಿಎಂಐಗೆ ಐದು ಪಟ್ಟು ಬೆಲೆ ಕೇಳಿದರೆ ನಗುತ್ತ ಹೊರಬನ್ನಿ. ವಿಜಿಎ ಕಾಲದಲ್ಲಿ ಕೇಬಲ್ ಕೆಟ್ಟರೆ ಬಣ್ಣ ಮಸುಕಾಗುತ್ತಿತ್ತು. ಇಲ್ಲಿ ಹೋಗುವುದು ಸೊನ್ನೆ ಮತ್ತು ಒಂದು. ಕೇಬಲ್ ಸೋತರೆ ಪರದೆಯ ಮೇಲೆ ರಾಗಿ ಚೆಲ್ಲಿದಂತೆ ಚುಕ್ಕಿ ಬರುತ್ತದೆ, ಇಲ್ಲವೆ ಕತ್ತಲಾಗುತ್ತದೆ. ಗೆದ್ದರೆ ಪೂರ್ತಿ ಗೆದ್ದ ಹಾಗೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅಷ್ಟು ನಿಜ. ಕರಾವಳಿಯವರು ಬೇಕಾದರೆ ನಾಲ್ಕು ಕಾಸು ಹೆಚ್ಚು ಕೊಡಲಿ.

ಲ್ಯಾನ್ ಕೇಬಲ್: ಎಂಟು ಎಳೆಯ ಜಡೆ

ಚೀಲದಲ್ಲಿ ನನಗೆ ತೀರಾ ಇಷ್ಟವಾದದ್ದು ಇದು, ಕಾರಣ ಇದು ಈಗಲೂ ಸುಳ್ಳು ಹೇಳುವುದಿಲ್ಲ; ಮೈಮೇಲೆ ಕ್ಯಾಟ್ 5ಇ, ಕ್ಯಾಟ್ 6 ಎಂದು ತನ್ನ ಯೋಗ್ಯತೆಯನ್ನು ತಾನೇ ಉದ್ದಕ್ಕೂ ಅಚ್ಚು ಹಾಕಿಸಿಕೊಂಡಿರುತ್ತದೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಈಥರ್ನೆಟ್ಟಿನ ಟಿಪ್ಪಣಿ ಬರೆದರು. ಬೆಳಕು ಹರಿಯಲು ಆಕಾಶದ ತುಂಬ ಈಥರ್ ಎಂಬುದೊಂದು ತುಂಬಿದೆ ಎಂದು ಭೌತವಿಜ್ಞಾನಿಗಳು ನಂಬಿದ್ದ ಕಾಲವೊಂದಿತ್ತು, ಇಲ್ಲವೆಂದು ಸಾಬೀತಾಗಿ ಬಿಟ್ಟುಬಿಟ್ಟಿದ್ದರು. ಅನಾಥವಾಗಿ ಬಿದ್ದಿದ್ದ ಆ ಹೆಸರನ್ನು ಇವರು ಎತ್ತಿಕೊಂಡರು.

ಮೇಲಿನ ಪ್ಲಾಸ್ಟಿಕ್ ಸೀಳಿದರೆ ಒಳಗೆ ನಾಲ್ಕು ಜೋಡಿ, ಒಂದೊಂದು ಜೋಡಿಯೂ ಜಡೆಯಂತೆ ಹೊಸೆದದ್ದು. ಅಂದಕ್ಕಲ್ಲ. ಹೊರಗಿನ ಗದ್ದಲ ಎರಡು ತಂತಿಗೂ ಸಮನಾಗಿ ಬೀಳುತ್ತದೆ, ಆ ತುದಿಯಲ್ಲಿ ಎರಡರ ವ್ಯತ್ಯಾಸ ಮಾತ್ರ ಓದಿದರೆ ಗದ್ದಲ ಕಳೆದುಹೋಗುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ತುದಿ ಹಾಕುವುದನ್ನು ಕ್ರಿಂಪಿಂಗ್ ಅನ್ನುತ್ತಾರೆ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ಬಾಯಿಪಾಠ ಮಾಡಿ. ಕೇಬಲ್ ಹಾಕುವ ಹುಡುಗರು ಮಗ್ಗಿಯಂತೆ ಒಪ್ಪಿಸುತ್ತ, ಗೋಡೆಯ ಮೇಲೆ ಏಣಿ ಹತ್ತಿಕೊಂಡೇ ಮಾಡಿ ಮುಗಿಸುತ್ತಾರೆ. ನಾನು ಮೊದಲ ಸಲ ಕೂತಾಗ ಹನ್ನೊಂದು ತುದಿ ಹಾಳುಮಾಡಿದೆ.

ಈ ಎಂಟರಲ್ಲಿ 100 ಮೆಗಾಬಿಟ್ಟಿಗೆ ಕೇಸರಿ ಮತ್ತು ಹಸಿರಿನ ನಾಲ್ಕು ತಂತಿ ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಇದು ತಿಳಿಯದೆ ನಾನು ಎರಡು ತಿಂಗಳು ಇಂಟರ್ನೆಟ್ಟಿನವರ ಜೊತೆ ಜಗಳವಾಡಿದ್ದೇನೆ. 300ಕ್ಕೆ ದುಡ್ಡು ಕಟ್ಟಿದರೆ ಬರುತ್ತಿದ್ದದ್ದು ಸರಿಯಾಗಿ 94. ಅವರ ಹುಡುಗ ಬಂದು ಬಾಲ್ಕನಿಯಲ್ಲಿ ತಡಕಾಡಿ, ಅಳಿಲು ಕಡಿದಿದ್ದ ಜಾಗ ತೋರಿಸಿದ. ಕಂದು ತಂತಿ ತುಂಡಾಗಿತ್ತು, ಅಷ್ಟೆ; ಎರಡು ತುದಿಯ ಯಂತ್ರಗಳೂ ಪಿಟ್ಟೆನ್ನದೆ, ಇರುವ ನಾಲ್ಕರಲ್ಲಿ 100ಕ್ಕೆ ಇಳಿದು ಸಂಸಾರ ತೂಗಿಸಿಕೊಂಡು ಹೋಗುತ್ತಿದ್ದವು. ವೇಗ 95ರ ಆಸುಪಾಸಿನಲ್ಲಿ ಕಲ್ಲಿನಂತೆ ನಿಂತಿದ್ದರೆ ಕಂಪನಿಯವರಿಗೆ ಫೋನು ಮಾಡುವ ಮೊದಲು ಅಳಿಲನ್ನು ವಿಚಾರಿಸಿ.

ಒಂದು ಎಳೆ 100 ಮೀಟರ್ ಮೀರಬಾರದು. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿರುತ್ತದೆ. ನಿಮ್ಮದೂ ಮುರಿದಿದೆ, ನನಗೆ ಗೊತ್ತು. ಬಸ್ ಟಿಕೆಟ್ ಮಡಚಿ ಮೇಲೆ ಸಿಕ್ಕಿಸಿ.

ಹಸಿರು ತಲೆಯ ತೆಳು ಕೇಬಲ್ ಗೋಡೆಯಿಂದ ಬಂದಿದ್ದರೆ ಅದು ಫೈಬರ್, ಅದರೊಳಗೆ ತಾಮ್ರವಿಲ್ಲ, ಗಾಜಿದೆ. ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್, ಕೂದಲಿಗಿಂತ ಎಷ್ಟೋ ಸಣ್ಣ. ಅದನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಬೇಡಿ, ತುದಿಯನ್ನು ಕಣ್ಣಿಗೆ ಹಿಡಿಯಬೇಡಿ, ಚೀಲಕ್ಕೆ ಸೇರಿಸಬೇಡಿ.

ಪವರ್ ಕಾರ್ಡ್

ದಪ್ಪ, ಕಪ್ಪು, ಒಂದು ತುದಿಯಲ್ಲಿ ಮೂರು ತೂತು. ಪ್ರತಿ ಮನೆಯಲ್ಲೂ ಇರುವ ಸಾಮಾನಿಗಿಂತ ನಾಲ್ಕು ಹೆಚ್ಚೇ ಇರುತ್ತವೆ. ಪ್ಲಗ್ಗಿನ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ, ಅದು ಅರ್ತಿಂಗ್. ಮೊದಲು ತಾಗುವುದು ಅದೇ, ಕೊನೆಗೆ ಬಿಡುವುದೂ ಅದೇ. ಯುಎಸ್‌ಬಿಯ ಉದ್ದ ಪಟ್ಟಿಯ ಉಪಾಯ ಇಲ್ಲಿ ಮೊದಲೇ ಇತ್ತು. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಅರ್ತಿಂಗ್ ತಪ್ಪಿಸಿದರೆ ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಜುಂ ಅನ್ನುತ್ತದೆ. ಅಕ್ಕ ಅದನ್ನು ಬಹಳ ದಿನ "ಹೊಸದಲ್ವಾ, ಪವರ್ ಜಾಸ್ತಿ" ಅಂದುಕೊಂಡಿದ್ದಳು.

ಖರೀದಿ

ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋಗಿ. ಸಾದರ ಪತ್ರಪ್ಪ ರಸ್ತೆ ಎಂದು ಕೇಳಿದರೆ ಆಟೋದವರಿಗೆ ತಿಳಿಯದಿರಬಹುದು. ಅಲ್ಲಿ ಕೇಬಲ್ಲುಗಳು ಹೂವಿನ ಅಂಗಡಿಯ ಮಾಲೆಗಳಂತೆ ಮೇಲಿಂದ ಇಳಿಬಿದ್ದಿರುತ್ತವೆ. ಹೆಸರು ನೆನಪಿಟ್ಟುಕೊಂಡು ಹೋಗಬೇಡಿ, ಹಳೆಯ ತುದಿಯನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಸಂಭಾಷಣೆ ಹೀಗಿರುತ್ತದೆ:

"ಸಿ ಟು ಸಿ ಕೊಡಿ."

"ಒರಿಜಿನಲ್ ಬೇಕಾ ಸಾರ್, ಒರಿಜಿನಲ್ ಥರದ್ದು ಬೇಕಾ?"

"ಎರಡಕ್ಕೂ ಏನು ವ್ಯತ್ಯಾಸ?"

"ರೇಟು."

"ಇದರಲ್ಲಿ ಮಾನಿಟರ್ ಬರುತ್ತಾ?"

"ಎಲ್ಲಾ ಬರುತ್ತೆ ಸಾರ್."

'ಎಲ್ಲಾ ಬರುತ್ತೆ' ಅಂದರೆ ಚಾರ್ಜ್ ಬರುತ್ತದೆ ಎಂದು ತಿಳಿಯಿರಿ. ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಅಲ್ಲೇ ಹಚ್ಚಿ ತೋರಿಸಿ ಅನ್ನಿ. ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ, ಟೀ ಕೂಡ ತರಿಸುತ್ತಾರೆ.

ತೊಂದರೆ ನಿವಾರಣೆ

ಏನೂ ಬರುತ್ತಿಲ್ಲವೆ? ಸ್ವಿಚ್ಚು ಹಾಕಿದ್ದೀರಾ ನೋಡಿ. ನಗಬೇಡಿ, ನನ್ನ ಭೇಟಿಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಮುಗಿದಿವೆ. ಫೋನಿನಲ್ಲಿ ಕೇಬಲ್ ಸರಿಯಾಗಿ ಕೂರುತ್ತಿಲ್ಲವೆ? ಕೇಬಲ್ ಬದಲಿಸುವ ಮೊದಲು ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ಅದರ ಬಾಯಿಯ ಮೂಲೆ ಮೆಲ್ಲಗೆ ಕೆರೆಯಿರಿ. ಜೇಬಿನ ನೂಲು ಅರಳೆಯಂತೆ ಬರುತ್ತದೆ. ಒಂದು ಕೇಬಲ್ ಒಂದು ಕೋನದಲ್ಲಿ ಹಿಡಿದರೆ ಮಾತ್ರ ಕೆಲಸ ಮಾಡುತ್ತಿದೆಯೆ? ಅದನ್ನು ಚೀಲಕ್ಕೆ ವಾಪಸ್ ಹಾಕಬೇಡಿ. ಹಾಕುತ್ತೀರಿ, ಗೊತ್ತು.

ವಿಲೇವಾರಿ ಮತ್ತು ಗುರುತು ಹಾಕುವುದು

ಹಳೆಯ ಕೇಬಲ್ಲನ್ನು ಕಸದ ಜೊತೆ ಕೊಡಬಾರದು, ಅದು ಇ-ತ್ಯಾಜ್ಯ. ತಾಮ್ರಕ್ಕಾಗಿ ಬಯಲಲ್ಲಿ ಸುಟ್ಟರೆ ಪಿವಿಸಿಯ ಹೊಗೆ ವಿಷ. ನಾನು ಕಳೆದ ದೀಪಾವಳಿಗೆ ಧೈರ್ಯ ಮಾಡಿ, ನುಗ್ಗೆಕಾಯಿ ದಪ್ಪದ ಪ್ರಿಂಟರ್ ಕೇಬಲ್ಲನ್ನು ಇ-ತ್ಯಾಜ್ಯದವರಿಗೆ ಕೊಟ್ಟೆ. ಮರುವಾರವೇ ಯಾರಾದರೂ ಕೇಳುತ್ತಾರೆಂದು ಕಾದೆ. ಯಾರೂ ಕೇಳಲಿಲ್ಲ. ಸ್ವಲ್ಪ ಬೇಸರವೇ ಆಯಿತು.

ಉಳಿದವಕ್ಕೆ ಗುರುತು ಹಾಕುವುದೊಂದೇ ದಾರಿ. ಮುಖ ನೋಡಿ ತಿಳಿಯದ ಮೇಲೆ ಹೆಸರಾದರೂ ಬೇಕು. ನಮ್ಮಲ್ಲಿ ಪಾತ್ರೆಗಳಿಗೆ ಹೆಸರು ಹಾಕಿಸುವ ಪದ್ಧತಿ ಇದೆಯಲ್ಲ. ಮದುವೆ, ನಾಮಕರಣಕ್ಕೆ ಕೊಟ್ಟ ಕೊಳಗ ನಾಲ್ಕು ಮನೆ ಸುತ್ತಿದರೂ ವಾಪಸ್ ಬರಲಿ ಅಂತ. ಅದನ್ನೇ ಮಾಡಿದೆ. ಒಂದು ಭಾನುವಾರ ಎಲ್ಲ ಸಿ ಕೇಬಲ್ಲುಗಳನ್ನೂ ಒಂದೊಂದಾಗಿ ಮಾನಿಟರಿಗೆ, ಡಿಸ್ಕಿಗೆ ಹಚ್ಚಿ ಪರೀಕ್ಷಿಸಿ, ಔಷಧಿ ಅಂಗಡಿಯ ಬಿಳಿ ಪ್ಲಾಸ್ಟರ್ ಕತ್ತರಿಸಿ ಕತ್ತಿಗೆ ಸುತ್ತಿ, 'ಚಿತ್ರ ಬರುತ್ತೆ', 'ಬರೀ ಚಾರ್ಜು', 'ವೇಗದ್ದು' ಎಂದು ಬರೆಯುತ್ತ ಬಂದೆ. ಹದಿನಾಲ್ಕರಲ್ಲಿ ಹನ್ನೊಂದು ಬರೀ ಚಾರ್ಜು. ಏಳಕ್ಕೆ ಬರೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು, ಇನ್ನೊಂದು ದಿನ ಬರೆದರಾಯಿತು ಎಂದು ಎದ್ದೆ.

ಸಂಜೆ ನೋಡಿದರೆ ಉಳಿದ ಏಳಕ್ಕೂ ಅಮ್ಮ ಪ್ಲಾಸ್ಟರ್ ಸುತ್ತಿ ಬರೆದು ಮುಗಿಸಿದ್ದಳು. ದುಂಡನೆಯ ಅಕ್ಷರ. 'ರಮೇಶನ ಫೋನಿಂದು.' 'ಅಡಿಗೆ ಮನೆ ಪ್ಲಗ್ಗಿಗೆ.' 'ಪುಟ್ಟಿ ಬಿಟ್ಟು ಹೋದದ್ದು, ಕೊಡಬೇಕು.' ಒಂದಕ್ಕೆ ಮಾತ್ರ ಎರಡು ಸುತ್ತು ಪ್ಲಾಸ್ಟರ್ ಹಾಕಿ, ಅಡಿಗೆರೆ ಎಳೆದು, 'ಅಮೆರಿಕದಿಂದ ತಂದದ್ದು, ಜೋಪಾನ' ಎಂದು ಬರೆದಿದ್ದಳು. ಅದನ್ನು ಮೂರು ಸಲ ಪರೀಕ್ಷಿಸಿದ್ದೇನೆ. ಬರೀ ಚಾರ್ಜು.